ಅರೆಬರೆ ಮೇಸ್ತ್ರಿಯ ಟೈಮಿಂಗು

ತಮ್ಮನಿಗೆ ಆ ಹೆಸರನ್ನು ಇಟ್ಟವನು ಒಡಹುಟ್ಟಿದ ಅಣ್ಣನೇ. ಅವನು ಗ್ಯಾರೇಜಿಗೆ ಬಂದ ಹೊಸದರಲ್ಲಿ ಒಂದು ನಟ್ಟನ್ನು ಪೂರ್ತಿ ಬಿಗಿಯದೆ ಬಿಟ್ಟಿದ್ದ. "ಇವನದ್ದೆಲ್ಲ ಅರೆಬರೆ" ಎಂದು ಅಣ್ಣ ಗಿರಾಕಿಗಳೆದುರು ಅಂದ, ಗಿರಾಕಿಗಳು ನಕ್ಕರು, ಹೆಸರು ಅಂಟಿಕೊಂಡಿತು. ಹೆಣ್ಣು ಕೊಡಲು ಬಂದವರ ಮುಂದೆಯೂ ಅಣ್ಣ ಅದೇ ಹೆಸರು ಹಿಡಿದು ಕರೆದ. ಬಂದವರು ಕಾಫಿ ಕುಡಿದು ಹೋದರು, ತಿರುಗಿ ಬರಲಿಲ್ಲ. ತಮ್ಮನು ಮದುವೆಯಿಲ್ಲದೆ ಗ್ಯಾರೇಜಿನ ಮೇಲಿನ ಕೋಣೆಯಲ್ಲೇ ಉಳಿದ. ಹಿಂದುಗಡೆಯೇ ಅಣ್ಣನ ಮನೆ. ಅತ್ತಿಗೆ ಬಡಿಸಿದ್ದನ್ನು ತಲೆ ತಗ್ಗಿಸಿಕೊಂಡು ಉಂಡು ಬರುತ್ತಿದ್ದ.

ಅವರ ಗ್ಯಾರೇಜಿಗೆ ಬರುತ್ತಿದ್ದುದೆಲ್ಲ ಹಳೇ ಕಾಲದ ಕಾರುಗಳು. ಎಂಜಿನ್ ಹಿಂಭಾಗದಲ್ಲಿ. ರೇಡಿಯೇಟರ್ ಇಲ್ಲ, ನೀರಿನ ಗೊಡವೆ ಇಲ್ಲ. ಫ್ಯಾನು ಬೀಸುವ ಗಾಳಿಯೇ ತಗಡಿನ ಗೂಡಿನೊಳಗಿಂದ ಹರಿದು ನಾಲ್ಕೂ ಸಿಲಿಂಡರುಗಳನ್ನು ತಂಪಾಗಿಡಬೇಕು. ಇಂಥ ಎಂಜಿನ್ ಬಿಚ್ಚುವವರು ಸಿಗುತ್ತಿದ್ದರು, ಮತ್ತೆ ಕೂಡಿಸುವವರು ಅಪರೂಪ. ಅದಕ್ಕೇ ಅಣ್ಣನಿಗೆ ಹೆಸರಿತ್ತು, ಸೊಕ್ಕೂ ಇತ್ತು. ತೊಳೆಯುವುದು, ಉಜ್ಜುವುದು, ಪಿಸ್ಟನ್ ಕೂರಿಸುವುದು, ಎಂಜಿನ್ನಿನ ಎರಡು ಹೋಳುಗಳನ್ನು ಜೋಡಿಸಿ ಬಿಗಿಯುವುದು ಎಲ್ಲ ತಮ್ಮನ ಪಾಲು. ಟೈಮಿಂಗ್ ಹೊತ್ತಿಗೆ, ಸಿಲಿಂಡರಿನಲ್ಲಿ ಕಿಡಿ ಹಾರುವ ಕ್ಷಣವನ್ನು ಹೊಂದಿಸುವಾಗ ಮಾತ್ರ "ಕೈ ತೆಗಿ" ಎಂಬ ಅಪ್ಪಣೆ. ಪುಲ್ಲಿಯ ಮೇಲಿನ ಗೀಟು ಎರಡು ಹೋಳುಗಳ ಸಂದಿಗೆ ನೇರವಾಗಿ ಬಂದ ಆ ಗಳಿಗೆಗೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟು ಬಾಯಿ ಬಿಡಬೇಕು, ತಂತಿಗೆ ಸಿಕ್ಕಿಸಿದ ಪುಟ್ಟ ಬಲ್ಬು ಹೊತ್ತಬೇಕು. ಕೂದಲೆಳೆ ಹಿಂದುಮುಂದಾದರೆ ಎಂಜಿನ್ ಕೆಮ್ಮುತ್ತದೆ, ಕುದಿಯುತ್ತದೆ. ಒಮ್ಮೆ ತಮ್ಮ ತಾನೇ ಡಿಸ್ಟ್ರಿಬ್ಯೂಟರ್ ತಿರುಗಿಸಲು ಹೋದಾಗ ಅಣ್ಣ ಸ್ಪ್ಯಾನರಿನಿಂದ ಬೆರಳ ಗೆಣ್ಣಿಗೆ ಬಾರಿಸಿದ್ದ. ಆ ಬೆರಳು ಸೊಟ್ಟಗೇ ಕೂಡಿಕೊಂಡಿತು. ಅಂದಿನಿಂದ ತಮ್ಮ ದೂರ ನಿಂತು ನೋಡಿದ, ನೋಡಿ ನೋಡಿಯೇ ಕಲಿತ, ಕಲಿತದ್ದನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ಕಾರಿನ ಹಿಂಭಾಗಕ್ಕೆ ಕೈಯೂರಿ ನಿಂತವನು ನಿಂತಂತೆಯೇ ಕುಸಿದ. ಬಲಭಾಗ ಪೂರಾ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ಎಡಗೈ, ಎರಡು ಕಣ್ಣು, ಗಂಟಲಿನ ಒಂದು ಗೊರಗೊರ. ಆಸ್ಪತ್ರೆಯಿಂದ ಬಂದ ಮೇಲೆ ಅತ್ತಿಗೆ ಮೈದುನನ ಹತ್ತಿರ ಕೇಳಿಕೊಂಡಳು, "ಗೋಡೆ ನೋಡ್ಕೊಂಡು ಕೂತ್ರೆ ಇನ್ನೂ ಕುಗ್ಗಿಹೋಗ್ತಾರಪ್ಪ. ಹಗಲು ಗ್ಯಾರೇಜಲ್ಲೇ ಇರ್ಲಿ, ನಿನ್ನ ಕಣ್ಣೆದುರು."

ಅವನು ಆಗಲಿ ಅಂದ. ಆಗ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಮೊದಲ ಸಲ ಆದದ್ದು ಕೈತಪ್ಪಿನಿಂದಲೇ. ಟೈಮಿಂಗ್ ತುಸು ಆಚೀಚೆಯಾಗಿ ಸೈಲೆನ್ಸರಿನಲ್ಲಿ ಢಮ್ಮೆಂದಿತು. ಅಣ್ಣನ ಎಡಗೈ ಗಾಲಿಕುರ್ಚಿಯ ತೋಳಿಗೆ ಪಟಪಟ ಬಡಿಯಿತು, ಕಣ್ಣಲ್ಲಿ ನೀರು ತುಂಬಿತು. ತಮ್ಮ ಅದನ್ನು ಕಂಡ. ಹೊಟ್ಟೆಯೊಳಗೆಲ್ಲೋ ತಣ್ಣಗಾಯಿತು. ಮಾರನೆಯ ದಿನ ಬೇಕೆಂದೇ ಮಾಡಿದ.

ಆಮೇಲೆ ಅದು ರೂಢಿಯಾಯಿತು. ಅತ್ತಿಗೆ ಗಂಡನ ಬಾಯೊರೆಸಿ ಒಳಗೆ ಹೋದದ್ದೇ ತಡ, ಅವನು ಕುರ್ಚಿಯನ್ನು ಎಂಜಿನ್ನಿನ ಹತ್ತಿರಕ್ಕೆ ತಳ್ಳಿ, ಸ್ಟಾರ್ಟ್ ಮಾಡಿ, ಡಿಸ್ಟ್ರಿಬ್ಯೂಟರನ್ನು ಇಷ್ಟಿಷ್ಟೇ ತಪ್ಪು ದಿಕ್ಕಿಗೆ ತಿರುಗಿಸುತ್ತಿದ್ದ. ಎಂಜಿನ್ ಕೆಮ್ಮುತ್ತಿತ್ತು, ಒದರುತ್ತಿತ್ತು. "ಸರಿಹೋಯ್ತಾ ಅಣ್ಣ? ಇನ್ನೊಂಚೂರು ತಿರುಗಿಸ್ಲಾ?" ಎಂದು ವಿನಯದಿಂದ ಕೇಳುತ್ತಿದ್ದ. ಅಣ್ಣನ ಮುಖ ಕೆಂಪೇರುತ್ತಿತ್ತು, ಗಂಟಲು ಗೊರಗುಟ್ಟುತ್ತಿತ್ತು. ಜಡವಾದ ಕೆನ್ನೆಯ ಮೇಲೆ ನೊಣ ಕೂತು ತುಟಿಯ ಅಂಚಿಗೆ ನಡೆದರೂ ತಮ್ಮ ಓಡಿಸುತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತ ನಿಂತು ನೋಡುತ್ತಿದ್ದ. ಅಣ್ಣ ಸುಸ್ತಾಗಿ ಕಣ್ಣು ಮುಚ್ಚಿದ ಮೇಲೆ ಬಲ್ಬು ಹಚ್ಚಿ ಟೈಮಿಂಗನ್ನು ಸರಿಮಾಡುತ್ತಿದ್ದ. ಗಿರಾಕಿಗೆ ಏನೂ ತಿಳಿಯುತ್ತಿರಲಿಲ್ಲ.

ಒಂದು ದಿನ ಬಗ್ಗಿ ಅಣ್ಣನ ಕಿವಿಯ ಹತ್ತಿರ ಹೇಳಿದ, "ಅರ್ಧ ಮೈ ಇದೆ, ಅರ್ಧ ಇಲ್ಲ. ಈಗ ಹೇಳು, ನಮ್ಮಿಬ್ಬರಲ್ಲಿ ಅರೆಬರೆ ಯಾರು?"

ಅಣ್ಣ ಅವತ್ತು ಕೈ ಬಡಿಯಲಿಲ್ಲ. ಸುಮ್ಮನೆ ನೋಡಿದ.

ಹಲ್ಲಿನ ಡಾಕ್ಟರ ಕಾರು ಬಂದದ್ದು ಆಮೇಲೆ. ಅವರ ತಂದೆ ಓಡಿಸುತ್ತಿದ್ದ ಕಾರು, ವರ್ಷಗಟ್ಟಲೆ ಶೆಡ್ಡಿನಲ್ಲಿ ಧೂಳು ತಿಂದಿತ್ತು. ಹೆಂಡತಿಯನ್ನು ಕೂರಿಸಿಕೊಂಡು ಬೆಟ್ಟದ ದಾರಿಯಲ್ಲಿ ಹೋಗಿಬರಬೇಕೆಂದು ಅವರಿಗೆ ಆಸೆ. ತಮ್ಮ ಆ ಎಂಜಿನ್ನಿನ ವಿಷಯದಲ್ಲಿ ಆಟ ಆಡಲಿಲ್ಲ. ಇದೊಂದರಿಂದ ತನ್ನ ಹೆಸರು ನಿಲ್ಲಬೇಕು ಎಂದು ಪ್ರತಿ ಭಾಗವನ್ನೂ ಕಣ್ಣಿಗೊತ್ತಿಕೊಂಡಂತೆ ತೊಳೆದು ಕೂರಿಸಿದ. ನಟ್ಟುಗಿಟ್ಟು ಒಳಗೆ ಬೀಳಬಾರದೆಂದು ಗಾಳಿ ಹೋಗುವ ದಾರಿಗೆ ಹಳೇ ಬನಿಯನ್ನಿನ ತುಂಡೊಂದನ್ನು ತುರುಕಿದ. ಅಷ್ಟರಲ್ಲಿ ಹೊರಗೆ ಯಾರೋ ಕರೆದರು. ಮಾತಾಡಿ ಬಂದವನು ತಗಡಿನ ಗೂಡನ್ನು ಎತ್ತಿ ಕೂರಿಸಿ ಬಿಗಿದುಬಿಟ್ಟ.

ಬಟ್ಟೆ ಒಳಗೇ ಉಳಿಯಿತು. ಅಣ್ಣ ಎದುರಿಗೇ ಕೂತಿದ್ದ. ಎಡಗೈ ತೊಡೆಯ ಮೇಲೆ ಅಲುಗದೆ ಬಿದ್ದಿತ್ತು.

ಟೈಮಿಂಗ್ ಮಾತ್ರ ಅಂದು ಹೂವಿನಂತೆ ಬಂತು. ಎಂಜಿನ್ ಹದವಾಗಿ ಗುರುಗುಟ್ಟಿತು. ಡಾಕ್ಟರು ಸಂತೋಷದಿಂದ "ಅಣ್ಣನ ಕೈಗುಣ ನಿಮಗೂ ಬಂದಿದೆ" ಎಂದರು. ಅಣ್ಣ ಅಷ್ಟು ಶಾಂತವಾಗಿ ಕೂತದ್ದನ್ನು ಕಂಡು, ಕೊನೆಗೂ ಸೋಲೊಪ್ಪಿಕೊಂಡ ಎಂದು ತಮ್ಮ ತಿಳಿದ. ಅಂದು ಕೆನ್ನೆಯ ಮೇಲಿನ ನೊಣವನ್ನೂ ಓಡಿಸಿದ.

ಬೆಟ್ಟ ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಕಾದು ಕಚ್ಚಿಕೊಂಡು ನಿಂತುಹೋಯಿತು. ಕಾರನ್ನು ಲಾರಿಗೆ ಕಟ್ಟಿ ಎಳೆದುತಂದರು. ಡಾಕ್ಟರು ಕೂಗಾಡಲಿಲ್ಲ. ಅಲ್ಲಿದ್ದ ಗಿರಾಕಿಗಳೆದುರು ಮೆಲ್ಲಗೆ, "ನಿಮ್ಮಣ್ಣ ನಿಮ್ಮನ್ನ ಹಾಗೆ ಕರೀತಿದ್ದದ್ದು ತಮಾಷೆಗೆ ಅಂದ್ಕೊಂಡಿದ್ದೆ" ಎಂದಷ್ಟೇ ಹೇಳಿ ಹೊರಟುಹೋದರು. ಗಿರಾಕಿಗಳು ಬೇರೆ ಕಡೆ ನೋಡಿದರು.

ಎಲ್ಲರೂ ಹೋದ ಮೇಲೆ ಅವನು ತಗಡು ಬಿಚ್ಚಿದ. ಕರಕಲಾದ ಬಟ್ಟೆ ಬೆರಳಿಗೆ ಪುಡಿಪುಡಿಯಾಗಿ ಬಂತು. ತಿರುಗಿ ನೋಡಿದರೆ ಅಣ್ಣನ ಬಾಯಿಯ ಎಡ ತುದಿ ಮೇಲಕ್ಕೆದ್ದಿತ್ತು, ಬಲ ತುದಿಯಿಂದ ಜೊಲ್ಲು ಇಳಿಯುತ್ತಿತ್ತು.

"ನೀನು ನೋಡಿದ್ದೆ," ಅಂದ ತಮ್ಮ.

ಅಣ್ಣ ಎಡಗೈಯನ್ನು ನಿಧಾನವಾಗಿ ಎತ್ತಿ ಮೊದಲು ತನ್ನ ಕಣ್ಣನ್ನು ಮುಟ್ಟಿದ, ಆಮೇಲೆ ತಗಡಿನ ಕಡೆಗೆ ಬೆರಳು ತೋರಿಸಿದ.

ತಮ್ಮನು ಅಣ್ಣನ ಕೆನ್ನೆಗೆ ಹೊಡೆದ. ಒಮ್ಮೆ ಜಡವಾದ ಕೆನ್ನೆಗೆ ಬಿತ್ತು, ನೋವಾಗಿರಲಾರದು ಎನಿಸಿ ಇನ್ನೊಂದಕ್ಕೂ ಹೊಡೆದ. ಊಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಎರಡನ್ನೂ ಕಂಡಳು. ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಕುರ್ಚಿಯನ್ನು ತಳ್ಳಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಅಣ್ಣ ಬಾಯಿ ತೆರೆಯಲಿಲ್ಲ. ತುತ್ತು ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದ; ಗಂಜಿ ಕುಡಿಸಿದರೆ ಎದೆಯ ಮೇಲೆ ಉಗುಳುತ್ತಿದ್ದ. ಎಡಗೈ ಮಾತ್ರ ಗ್ಯಾರೇಜಿನ ಕಡೆಗೆ ಬೆರಳು ಚಾಚಿಯೇ ಇರುತ್ತಿತ್ತು. ಕಡೆಗೊಂದು ಬೆಳಿಗ್ಗೆ ಅತ್ತಿಗೆ ಕುರ್ಚಿಯನ್ನು ತಂದು ಮೊದಲಿನ ಜಾಗದಲ್ಲೇ ನಿಲ್ಲಿಸಿದಳು.

"ನಿಮ್ಮಿಬ್ಬರಿಗೂ ಅನ್ನಕ್ಕಿಂತ ಇದೇ ರುಚಿ," ಅಂದಳು. "ತಗೋ. ಇಟ್ಕೋ."

ಅಲ್ಲಿಂದ ಮುಂದೆ ತಮ್ಮನು ಆ ಆಟ ಬಿಟ್ಟ. ಹಾಗಂತ ಕರುಣೆಯೇನೂ ಹುಟ್ಟಲಿಲ್ಲ. ಒಂದೊಂದು ಭಾಗವನ್ನೂ ಕೂರಿಸುವ ಮೊದಲು ಅಣ್ಣನ ಮೂಗಿನ ಕೆಳಗೆ ಹಿಡಿದು ತೋರಿಸುತ್ತಿದ್ದ. ಗಾಳಿಗೂಡಿನೊಳಕ್ಕೆ ಟಾರ್ಚು ಬಿಟ್ಟು ಖಾಲಿಯಿದೆ ನೋಡು ಎನ್ನುತ್ತಿದ್ದ. ಅಣ್ಣ ಒಂದಾದರೂ ತಪ್ಪು ಸಿಕ್ಕೀತೆಂದು ಹದ್ದಿನ ಕಣ್ಣಿಟ್ಟು ಕಾಯುತ್ತಿದ್ದ. ಸಿಗಲಿಲ್ಲ. ಹೋದ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಅರೆಬರೆ ಮೇಸ್ತ್ರಿಯಷ್ಟು ಚೊಕ್ಕವಾಗಿ ಟೈಮಿಂಗ್ ಇಡುವವರು ಇನ್ನೊಬ್ಬರಿಲ್ಲ ಎಂದು ಅವರೇ ಹೇಳಿಕೊಂಡು ತಿರುಗಿದರು. ಹೆಸರು ಮಾತ್ರ ಅದೇ ಉಳಿಯಿತು.

ಎರಡು ಬೇಸಗೆ ಹಾಗೇ ಕಳೆಯಿತು. ಮೂರನೆಯದರಲ್ಲಿ ಒಂದು ಮಧ್ಯಾಹ್ನ ಅವನು ಬಲ್ಬು ಸಿಕ್ಕಿಸಿ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತಿದ್ದಾಗ ಅಣ್ಣನ ತಲೆ ಎದೆಗೆ ಬಿದ್ದದ್ದು ಕಂಡಿತು. ಕಣ್ಣು ಅರ್ಧ ತೆರೆದೇ ಇತ್ತು. ನಿದ್ದೆಯಲ್ಲ ಎಂದು ಅವನಿಗೆ ತಕ್ಷಣ ಗೊತ್ತಾಯಿತು.

ಗೀಟು ಸಂದಿಗೆ ಇನ್ನೇನು ಬರುವುದರಲ್ಲಿತ್ತು. ಅವನು ಪುಲ್ಲಿ ಬಿಡಲಿಲ್ಲ. ಬಲ್ಬು ಹೊತ್ತಿತು. ಡಿಸ್ಟ್ರಿಬ್ಯೂಟರನ್ನು ಅಲ್ಲಿಗೇ ಬಿಗಿದ, ಮುಚ್ಚಳ ಹಾಕಿದ, ಸ್ಟಾರ್ಟ್ ಮಾಡಿ ಎಂಜಿನ್ ಪೂರಾ ಬಿಸಿಯಾಗುವವರೆಗೂ ಕೇಳುತ್ತ ನಿಂತ. ಎಲ್ಲೂ ಒಂದು ಕೆಮ್ಮಿಲ್ಲ. ಆಫ್ ಮಾಡಿ, ಸೋಪು ಹಚ್ಚಿ ಕೈ ತೊಳೆದುಕೊಂಡು, ಆಮೇಲೆ ಅತ್ತಿಗೆಯನ್ನು ಕರೆಯಲು ಹೋದ.

ಅವಳು ಬಂದು ಗಂಡನ ಎಡಗೈಯನ್ನು ಎತ್ತಿಕೊಂಡಳು. ಯಾವಾಗ ಆಯಿತೆಂದು ಕೇಳಿದಳು.

"ಈಗಷ್ಟೇ," ಅಂದ ಅವನು.

ಬೆರಳುಗಳು ಆಗಲೇ ತಣ್ಣಗಾಗತೊಡಗಿದ್ದವು. ಅವಳು ಅವನ್ನು ಒಂದೊಂದಾಗಿ ಮಡಚಿ ತೊಡೆಯ ಮೇಲಿಟ್ಟಳು. ಮೈದುನನ ಮುಖ ನೋಡಲಿಲ್ಲ.