ಸೈರನ್‌ಗೆ ಬಿಟ್ಟ ದಾರಿ

೧೯೯೧ರ ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ನಮ್ಮ ಸಣ್ಣ ಕಾರ್ಖಾನೆ. ಹಾಜರಿದ್ದವರು ಧಾರವಾಡ ಕಡೆಯ ಮಾಲೀಕರು, ಪ್ರೋಗ್ರಾಂ ಬರೆಯುತ್ತಿದ್ದ ಮೈಸೂರಿನ ಹುಡುಗಿ ಮತ್ತು ನಾನು. ನನ್ನ ಹೆಂಡತಿಯ ವೈಕುಂಠ ಸಮಾರಾಧನೆ ಹಿಂದಿನ ದಿನ ಮುಗಿದಿತ್ತು. ರಜೆಯೂ ಮುಗಿದಿತ್ತು. ಹಾಗಾಗಿ ಬಂದಿದ್ದೆ.

ವಿಡಿಯೋ ಪಾರ್ಲರುಗಳಿಗೆ ಆಟದ ಯಂತ್ರ ಮಾಡಿಕೊಡುವುದು ನಮ್ಮ ಕೆಲಸ. ಹೊಸ ಆಟದಲ್ಲಿ ಕಾರು ಕದ್ದ ಕಳ್ಳ ಊರಿನ ಯಾವ ಗಲ್ಲಿಗಾದರೂ ನುಗ್ಗಬಹುದು; ಪೊಲೀಸ್ ಜೀಪು ಬೆನ್ನಟ್ಟುತ್ತದೆ. ಸದ್ದುಗಳು ನನ್ನ ಪಾಲು. ಉಳಿದದ್ದು ಸೈರನ್ ಒಂದೇ. ಘಾಟ್ಕೋಪರಿನ ಪಾರ್ಲರಿನವನು ಸಂಜೆ ಬರುವವನಿದ್ದ. ಆಗ ಯಂತ್ರ ಸಿದ್ಧವಿರದಿದ್ದರೆ ಆರ್ಡರ್ ಕೈತಪ್ಪುತ್ತಿತ್ತು.

ಸೈರನ್ನಿನ ಏರಿಳಿತವನ್ನು ಸಂಖ್ಯೆಗಳಾಗಿ ಯಂತ್ರದ ಮೆಮೊರಿ ಚಿಪ್ಪಿಗೆ ಬರೆದೆ. ಯೋಚಿಸಬೇಕಾಗಲಿಲ್ಲ, ಕೈ ತಾನಾಗಿ ನಡೆಯಿತು. ಊಟದ ಹೊತ್ತಿಗೆ ಯಂತ್ರಕ್ಕೆ ಕೂರಿಸಿದೆ. ಹುಡುಗಿ ಆಡಲು ಕುಳಿತಳು. ಸೈರನ್ ಕೇಳಿದ್ದೇ ತಡ, ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿಬಿಟ್ಟಳು. ಜೀಪು ಹಿಡಿಯಿತು.

“ಏನ್ ಮೇಡಂ! ಕಳ್ಳ ಸೈಡ್ ಕೊಟ್ರ ಗೇಮ್ ಖತಂ ರೀ,” ಮಾಲೀಕರು ನಕ್ಕರು.

“ಇದು ಆಂಬುಲೆನ್ಸ್ ಅಲ್ವಾ ಸಾರ್? ಪೊಲೀಸ್‌ದು ಊ ಅಂತ ಎಳೆಯುತ್ತೆ. ಇದು ಎರಡೇ ಸ್ವರ...” ನನ್ನ ಮುಖ ನೋಡಿ ಆಟದ ಹಿಡಿಕೆಯಿಂದ ಕೈ ತೆಗೆದಳು.

ಅವಳು ಹೇಳಿದ್ದು ಸರಿ. ವಿಲೆ ಪಾರ್ಲೆಯ ಮನೆಯಿಂದ ಆಸ್ಪತ್ರೆಗೆ ಹೋಗುವಾಗ ಹೆಂಡತಿಯ ಪಕ್ಕ ಕುಳಿತು ಕೇಳಿದ ಸದ್ದು ಅದು. ಸಿಗ್ನಲಿನಲ್ಲಿ ಮುಂದಿದ್ದ ಟ್ಯಾಕ್ಸಿ, ಟೆಂಪೋ ಯಾವುದೂ ಅಲುಗಲಿಲ್ಲ. ಅವಳ ಉಸಿರು ಅಲ್ಲೇ ನಿಂತಿತು. ಸೈರನ್ ಮಾತ್ರ ಕೂಗುತ್ತಲೇ ಇತ್ತು.

ಆಂಬುಲೆನ್ಸಿನಲ್ಲಿ ನಡೆದದ್ದು ಇಬ್ಬರಿಗೂ ಗೊತ್ತಿತ್ತು. ಚಿಪ್ಪು ಇದ್ದದ್ದು ಅದೊಂದೇ. ಹೊಸ ಸದ್ದು ಬರೆಯಬೇಕಾದರೆ ಹಳೆಯದನ್ನು ಅಳಿಸಬೇಕು.

“ಇದನ್ನ ನೀವೇ ಇಟ್ಕೊಳ್ಳಿ ಸಾರ್,” ಎಂದಳು ಹುಡುಗಿ. “ನಾಳೆ ಲ್ಯಾಮಿಂಗ್ಟನ್ ರೋಡಿನ ಅಂಗಡಿಯಿಂದ ಬೇರೆ ಚಿಪ್ ತರ್ತೀನಿ.”

“ಹೂಂ ರೀ, ಆ ಪಾರ್ಲರ್‌ವಾಲಾಗ ಕಲ್ ಆ ಜಾ, ನಾಳಿ ಬಾ ಅಂತೀನಿ. ಬಂದ್ರ ಬಂದ, ಇಲ್ಲಾಂದ್ರ ಇಲ್ಲ,” ಎಂದರು ಮಾಲೀಕರು. ಈಗ ಅವರು ನಗುತ್ತಿರಲಿಲ್ಲ.

“ಸಂಜೆ ಅಂದರೆ ಸಂಜೆ,” ಎಂದೆ. ಆಮೇಲೆ ಹುಡುಗಿಗೆ, “ಇನ್ನೊಂದು ಸಲ ಆಡಮ್ಮ,” ಎಂದೆ.

ಸೈರನ್ ಬಂತು. ಅವಳು ಮತ್ತೆ ಕಾರನ್ನು ಬದಿಗೆ ಸರಿಸಿ ದಾರಿ ಬಿಟ್ಟಳು.

ಚಿಪ್ಪನ್ನು ಕಿತ್ತು ನೇರಳಾತೀತ ದೀಪದ ಕೆಳಗಿಟ್ಟೆ. ಬೆಳಕು ಅದರ ಪುಟ್ಟ ಗಾಜಿನ ಕಿಟಕಿಯೊಳಗೆ ಹೋಗಿ ಬರೆದದ್ದನ್ನೆಲ್ಲ ಅಳಿಸುತ್ತದೆ. ಅಷ್ಟರಲ್ಲಿ ಡಬ್ಬಿ ಊಟ ಮಾಡಿದೆ, ಡಬ್ಬಿ ತೊಳೆದೆ. ಆಮೇಲೆ ಪೊಲೀಸರ ಉದ್ದನೆಯ ಕೂಗನ್ನು ಬರೆದೆ. ಸಂಜೆ ಪಾರ್ಲರಿನವನು ಆಡಿ ನೋಡಿದ. ಸೈರನ್ ಕೇಳಿದೊಡನೆ ಕಾರು ಓಡಿಸಿದ. ಒಪ್ಪಿದ.

ಇನ್ನು ಬೆಳಕು ಒಳಗೆ ಹೋಗದಂತೆ ಚಿಪ್ಪಿನ ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿ, ಅಂಚುಗಳನ್ನು ಉಗುರಿನಿಂದ ಒತ್ತಿದೆ.