ಎಡಗಡೆಯ ಕೊನೆಯ ಕುರ್ಚಿ

ನಮ್ಮ ವಿಶ್ವವಿದ್ಯಾಲಯದಲ್ಲಿ ಅವನನ್ನು ಎಲ್ಲರೂ ಕುರ್ಚಿಯಣ್ಣ ಎನ್ನುತ್ತಿದ್ದರು. ಸಭಾಂಗಣದ ಬೀಗ ತೆಗೆಯುವುದು, ಕುರ್ಚಿ ಹಾಕುವುದು, ಎಲ್ಲ ಮುಗಿದ ಮೇಲೆ ಎತ್ತಿಡುವುದು ಅವನ ಕೆಲಸ. ಆ ಸಭಾಂಗಣದ ಕೆಳಗಿನ ಕೋಣೆಯಲ್ಲಿ ಕೂತು ಗ್ರಂಥಾಲಯದ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು ನಾನು. ಇಪ್ಪತ್ತೆರಡು ವರ್ಷ ನನ್ನ ತಲೆಯ ಮೇಲೆ ಅವನು ಕುರ್ಚಿ ಎಳೆದ. ಅವನು ತೀರಿಕೊಂಡು ಎರಡು ತಿಂಗಳಾಯಿತು. ಈಗಲೂ ಮೇಲೆ ಯಾರೋ ಎಳೆಯುತ್ತಾರೆ, ಆದರೆ ಆ ಸದ್ದು ಬೇರೆ.

ಅವನ ಎಡಗಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನ ಜ್ವರವೊಂದು ಅದನ್ನು ಕೆಡಿಸಿತ್ತು. ಈ ಗುಟ್ಟು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ನನಗೆ ಮಾತ್ರ.

"ಈ ಮನುಷ್ಯನಿಗೆ ಬೈಬೇಕಂದ್ರೂ ಸುತ್ತಿ ಬಂದು ಬಲಗಡೆ ನಿಲ್ಲಬೇಕು. ಅಷ್ಟರಲ್ಲಿ ಸಿಟ್ಟೇ ಇಳಿದಿರುತ್ತೆ" ಎಂದು ಅತ್ತಿಗೆ ದೂರುತ್ತಿದ್ದರು.

ಅವನು ನಗುತ್ತಿದ್ದ. "ಎಲ್ಲರೂ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾರೆ. ನನಗೆ ಬಿಡೋಕೆ ಇನ್ನೊಂದು ಎಲ್ಲಿದೆ? ಅದಕ್ಕೇ ಎಲ್ಲ ನೆನಪಿರುತ್ತೆ."

ಕಚೇರಿಗೆ ಮಾತ್ರ ಅವನು ಹೇಳಿರಲಿಲ್ಲ. ಹಿಂದೆ ಕಣ್ಣು ಮಂಜಾದ ಸಹಾಯಕನೊಬ್ಬನನ್ನು ಮುರಿದ ಮೇಜುಗಳ ಉಗ್ರಾಣಕ್ಕೆ ಹಾಕಿದ್ದನ್ನು ಕಂಡಿದ್ದ. ತನಗೂ ಅದೇ ಗತಿ ಎಂಬ ಭಯ. ಅವನು ಓದಿದ್ದು ಏಳನೆಯ ತರಗತಿ. ಸಭಾಂಗಣದಲ್ಲಿ ನಿಂತು ನಕ್ಷತ್ರದ ಬಗ್ಗೆ, ಮರದ ಬೇರಿನ ಬಗ್ಗೆ ಕೇಳಿದ್ದನ್ನೆಲ್ಲ ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ಒಪ್ಪಿಸುತ್ತಿದ್ದ. ಆ ಮಾತುಗಳಿಲ್ಲದೆ ಅವನಿಗೆ ಬದುಕಿಲ್ಲ.

ಕೇಳಿಸಿಕೊಳ್ಳಲು ಅವನದೇ ಒಂದು ಉಪಾಯವಿತ್ತು. ಸಣ್ಣ ಸಭೆಗಳಿಗೆ ಕುರ್ಚಿಗಳನ್ನು ಸಾಲಾಗಿ ಹಾಕುತ್ತಿರಲಿಲ್ಲ. ಭಾಷಣದ ಮೇಜಿನ ಕಾಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯಲ್ಲಿ ಸೀಮೆಸುಣ್ಣ ಹಿಡಿದು, ನೆಲದ ಮೇಲೆ ಅರ್ಧಚಂದ್ರದ ಗೆರೆ ಎಳೆದು, ಅದರ ಮೇಲೆ ಹಾಕುತ್ತಿದ್ದ. ಎಡಗಡೆಯ ಕೊನೆಯ ಕುರ್ಚಿಗೆ 'ಕಾಲು ಸಡಿಲ, ಕೂರಬೇಡಿ' ಎಂಬ ಚೀಟಿ ತೂಗಿಸಿ ಅದರ ಹಿಂದೆ ತಾನು ನಿಲ್ಲುತ್ತಿದ್ದ. ಅಲ್ಲಿಂದ ಎಲ್ಲರೂ ಅವನ ಬಲಗಿವಿಯ ಕಡೆಗೆ, ಎಲ್ಲರ ತುಟಿಯೂ ಕಣ್ಣೆದುರಿಗೆ. ಆ ಕುರ್ಚಿಯ ಕಾಲು ಕಲ್ಲಿನಷ್ಟು ಗಟ್ಟಿ.

ಐದು ವರ್ಷದ ಹಿಂದೆ ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಒಂದು ತರಬೇತಿ ಶುರುವಾಯಿತು. ಬೇರೆ ಬೇರೆ ಬಗೆಯ ಜನ ಒಂದೇ ಕಡೆ ಓದುವಾಗ, ದುಡಿಯುವಾಗ ಯಾರೂ ಹೊರಗುಳಿಯಬಾರದು ಎಂಬುದು ಅದರ ವಿಷಯ. ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅವನದಿರಲಿಲ್ಲ.

"ಎಲ್ಲರಿಗೂ ಅಂದ್ರೆ ಕುರ್ಚಿ ಮೇಲೆ ಕೂರೋರಿಗೆ ಕಣಯ್ಯ. ಹಾಕೋರಿಗಲ್ಲ" ಎಂದ. ಬೇಸರವಿದ್ದಂತೆ ಕಾಣಲಿಲ್ಲ. ಹೇಗೂ ಹಿಂದೆ ನಿಂತು ಕೇಳುವವನೇ.

ಅಂದು ಒಬ್ಬ ವಿದ್ಯಾರ್ಥಿನಿ ನೇರವಾಗಿ ಆ ಚೀಟಿಯ ಕುರ್ಚಿಗೇ ಬಂದಳು.

"ಅದರಲ್ಲಿ ಬೇಡಮ್ಮ, ಕಾಲು ಸಡಿಲ."

ಅವಳು ಕುರ್ಚಿಯನ್ನು ಅಲ್ಲಾಡಿಸಿ ನೋಡಿದಳು. "ಗಟ್ಟಿ ಇದೆಯಲ್ಲ ಅಣ್ಣ? ನನಗೆ ಇಲ್ಲೇ ಬೇಕು" ಎಂದು ಕೂತೇ ಬಿಟ್ಟಳು. ಅವನು ಮುಖ ಸಪ್ಪಗೆ ಮಾಡಿಕೊಂಡು ಬಾಗಿಲಿಗೆ ಸರಿದ.

ಅರ್ಧ ತಾಸು ಕಳೆಯಿತು. ತರಬೇತಿ ಕೊಡುವ ಮೇಡಂ, ಈ ಕೋಣೆಯಲ್ಲಿ ಯಾರಿಗಾದರೂ ಏನಾದರೂ ತೊಡಕಿದೆಯೇ ಎಂದು ಕೇಳಿದರು. ಆ ಹುಡುಗಿ ಎದ್ದಳು.

"ನನಗೆ ಕಿವಿ ಸರಿಯಾಗಿ ಕೇಳಲ್ಲ. ತುಟಿ ನೋಡಿ ಅರ್ಥ ಮಾಡ್ಕೋತೀನಿ. ಮೂರು ವರ್ಷದಲ್ಲಿ ಇವತ್ತೇ ಒಂದು ಮಾತೂ ತಪ್ಪಲಿಲ್ಲ. ಈ ಕುರ್ಚಿ ಹೀಗೆ ಹಾಕಿದ್ದು ಯಾರು?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವನ ಕೈ ಹಗ್ಗವನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಮುಂದೆಯೇ ಕುಲಸಚಿವರು ಕೂತಿದ್ದರು. ಚೆಂದ ಕಾಣಲಿ ಅಂತ ಹಾಕಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ನನಗೋಸ್ಕರ ಹಾಕ್ಕೊಂಡಿದ್ದು ಸ್ವಾಮಿ" ಎಂದ ಕೊನೆಗೆ. "ನನಗೂ ಒಂದು ಕಿವಿ ಇಲ್ಲ. ಗೋಡೆಗೂ ಕಿವಿ ಇರುತ್ತಂತೆ, ನನ್ನದು ಗೋಡೆಗಿಂತ ಕಡೆ."

ಕುಲಸಚಿವರು ಕನ್ನಡಕ ತೆಗೆದರು. "ಇಷ್ಟು ವರ್ಷ ಯಾಕಪ್ಪ ಹೇಳಲಿಲ್ಲ?"

"ಹೇಳಿದ್ರೆ ಉಗ್ರಾಣಕ್ಕೆ ಹಾಕ್ತೀರ ಅಂತ."

ಅವರು "ಹಾಕ್ತಿದ್ದೆವೇನೋ" ಎಂದರು. ಆ ಮಾತಿಗಾಗಿ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. ಮೇಡಂ ಬಿಡಲಿಲ್ಲ. "ಇನ್ಮೇಲೆ?"

"ಇನ್ಮೇಲೆ ಇಲ್ಲಮ್ಮ. ಇವನನ್ನ ಅಲ್ಲಿಗೆ ಕಳಿಸಿದ್ರೆ ಇಲ್ಲಿ ಗೆರೆ ಎಳೆಯೋರು ಯಾರು?"

ಮುಂದಿನ ಪಟ್ಟಿಯಲ್ಲಿ ಅವನ ಹೆಸರು ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕೊನೆಯದನ್ನು ಬೇಕಾದವರಿಗೆ ಬಿಟ್ಟು, ಎಡಗಡೆಯಿಂದ ಎರಡನೆಯ ಕುರ್ಚಿಯಲ್ಲಿ ಕೂತ. ನಡುವೆ ಎರಡು ಸಲ ಎದ್ದು ಯಾರದೋ ಕುರ್ಚಿಯನ್ನು ಗೆರೆಗೆ ಸರಿಸಿ, ಮೇಡಂ ಕೈಲಿ ಬೈಸಿಕೊಂಡ. ಆಮೇಲೆ ಪ್ರತಿ ಹೊಸ ತಂಡಕ್ಕೂ ಹತ್ತು ನಿಮಿಷ ತನ್ನ ಕಿವಿಯ ಕಥೆ ಹೇಳುತ್ತಿದ್ದ. ಅದೇ ಕಥೆ, ಅದೇ ಗೋಡೆಯ ಹಾಸ್ಯ. ನಾನು ಹದಿನೈದು ಸಲವಾದರೂ ಕೇಳಿದ್ದೇನೆ, ಹದಿನಾರನೆಯದು ಬೇಕೆನಿಸುತ್ತದೆ.

ಅವನು ಹೋದ ಮೇಲೆ ಆ ಹಗ್ಗವನ್ನು ಅತ್ತಿಗೆ ನನ್ನ ಕೈಗೆ ಕೊಟ್ಟರು. ಆ ಹುಡುಗಿ ಈಗ ನಮ್ಮ ಕಚೇರಿಯಲ್ಲೇ ಗುಮಾಸ್ತೆ. ಮೊನ್ನೆಯ ತರಬೇತಿಗೆ ಅವಳು ಮೇಜಿನ ಕಾಲನ್ನು ಅಲುಗದಂತೆ ಹಿಡಿದಳು, ನಾನು ಸೀಮೆಸುಣ್ಣ ಹಿಡಿದು ಗೆರೆ ಎಳೆದೆ. ಸ್ವಲ್ಪ ಸೊಟ್ಟಗಾಯಿತು.

"ಕುರ್ಚಿಯಣ್ಣ ಇದ್ದಿದ್ರೆ ಇದನ್ನ ಒಪ್ಪುತ್ತಿದ್ರಾ?" ಎಂದಳು.

ಒದ್ದೆ ಬಟ್ಟೆ ತಂದು ಅಳಿಸಿ, ಮತ್ತೆ ಎಳೆದೆ.