ಹೊಟ್ಟೆಯ ಸಾರಣೆ ಕಾಯುವ ಗುರುಬಾಯಿ

ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಹಾಲಿನ ಕ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲದ ನಸುಕು. ಆಸ್ಪತ್ರೆಯೊಂದರ ಎಂಡೋಸ್ಕೋಪಿ ಕೋಣೆಯಲ್ಲಿ ಗುರುಬಾಯಿ ಮೊಣಕೈವರೆಗೆ ಕೈಗವಸು ಏರಿಸಿಕೊಂಡು, ಕೇರೆಹಾವಿನಂಥ ಕರಿ ಕೊಳವೆಯೊಂದಕ್ಕೆ ಸ್ನಾನ ಮಾಡಿಸುತ್ತಿದ್ದಾರೆ. ಅದರ ತುದಿಯಲ್ಲಿ ಪುಟ್ಟ ದೀಪ, ಪುಟ್ಟ ಕ್ಯಾಮರಾ. ಬಾಯಿಯಿಂದ ಇಳಿದು ಹೊಟ್ಟೆ ನೋಡಿಕೊಂಡು ಬರುವ ಯಂತ್ರ. ಒಬ್ಬರ ಹೊಟ್ಟೆಯ ಕೊಳೆ ಇನ್ನೊಬ್ಬರ ಹೊಟ್ಟೆ ಸೇರಬಾರದು. ಅದಕ್ಕೇ ಒಳಗೆಲ್ಲ ಬ್ರಷ್ ಹಾಯಿಸಿ, ಔಷಧದ ನೀರಿನಲ್ಲಿ ಮುಳುಗಿಸಿ, ಒಣಗಿಸಿ ತೂಗುಹಾಕುವ ತನಕ ಅವರು ಯಾರ ಜೊತೆಗೂ ಮಾತಾಡುವುದಿಲ್ಲ.

"ಹಡದ ಮಕ್ಕಳಿಗೂ ನಾ ಇಷ್ಟು ಚಂದ ಎರದಿಲ್ರಿ" ಎನ್ನುತ್ತಾರೆ ಆಮೇಲೆ, ಕೈಗವಸು ಕಳಚುತ್ತ.

ಆಸ್ಪತ್ರೆಯಲ್ಲಿ ಅವರ ಹೆಸರು ಯಾರಿಗೂ ಬೇಕಾಗಿಲ್ಲ. ಡಾಕ್ಟರಮ್ಮನಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ಅವರು 'ಮಾವಶಿ', ಮರಾಠಿಯ ಚಿಕ್ಕಮ್ಮ. ಊರು ಅಕ್ಕಲಕೋಟ ತಾಲೂಕಿನ ಮೈಂದರ್ಗಿ. ಗಂಡ ಕಲ್ಯಾಣಪ್ಪ ಅಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ವಾರವೆಲ್ಲ ಗುರುಬಾಯಿ ಸೋಲಾಪುರದಲ್ಲಿ, ತಂಗಿಯ ಮನೆಯಲ್ಲಿ. ಶನಿವಾರ ಸಂಜೆ ಎಸ್ಟಿ ಬಸ್ಸು ಹಿಡಿದು ಊರಿಗೆ. ದಿನಕ್ಕೆ ಹತ್ತು-ಹನ್ನೆರಡು ಹೊಟ್ಟೆಗಳು ಅವರೆದುರು ತೆರೆದುಕೊಳ್ಳುತ್ತವೆ. ಕೊಳವೆ ಇಳಿಯುವಷ್ಟು ಹೊತ್ತು ರೋಗಿಯ ತಲೆ ಅವರ ಅಂಗೈಯಲ್ಲಿ. ಡಾಕ್ಟರಮ್ಮನ ಮರಾಠಿ ಹಳ್ಳಿಯವರ ಕಿವಿ ತಲುಪುವ ಹೊತ್ತಿಗೆ ಕನ್ನಡವಾಗಿರುತ್ತದೆ, ಜೊತೆಗೆ ಒಂದಿಷ್ಟು ಮೈಂದರ್ಗಿಯ ಉಪ್ಪುಖಾರವೂ ಸೇರಿರುತ್ತದೆ. "ಅಂಜಬ್ಯಾಡ್ರಿ ಕಾಕಾ. ನಿಮ್ಮ ಎತ್ತಿಗೆ ಬಿದರಿನ ಗೊಟ್ಟಾ ಹಾಕಿ ಎಣ್ಣಿ ಕುಡಸೂದಿಲ್ಲೇನು? ಅದೇನು ಹಿಂಗ ಒದ್ದಾಡತೈತಿ?"

ಮೊದಲ ದಿನ ಪರದೆಯ ಮೇಲೆ ಹೊಟ್ಟೆಯ ಒಳಮೈ ಕಂಡಾಗ ಹಿಡಿದಿದ್ದ ಟ್ರೇ ಬಿಡುವುದೊಂದೇ ಬಾಕಿ ಇತ್ತು. "ಹೊಸಾ ಇಳಕಲ್ ಸೀರಿ ಮಡಿಕಿ ಬಿಚ್ಚಿಟ್ಟಾಂಗ ಇತ್ರಿ! ಥಳಥಳ ಹೊಳೀತಿತ್ತು. ಇಂಥಾದ್ದನ್ನ ಇಟಗೊಂಡು ಅದರಾಗ ನಿನ್ನಿ ಭಜಿ ತುಂಬತೀವಲ್ಲ ಅಂತ ನಾಚಿಕಿ ಬಂತು."

ಬೆರಗು ಹುಟ್ಟಿದ ಮೇಲೆ ಪ್ರಶ್ನೆ ತಪ್ಪುತ್ತದೆಯೆ? ಕಟಕ ರೊಟ್ಟಿಯನ್ನು ಕರಗಿಸುವ ಹುಳಿ ಹೊಟ್ಟೆಯನ್ನೇ ಏಕೆ ಕರಗಿಸುವುದಿಲ್ಲ? ನುಂಗಿದ ನೋವಿನ ಗುಳಿಗೆಗೆ ಮೊಣಕಾಲಿನ ವಿಳಾಸ ಕೊಟ್ಟವರು ಯಾರು? ಡಾಕ್ಟರಮ್ಮ ನಕ್ಕು, ಗುಳಿಗೆಗೆ ಯಾರ ವಿಳಾಸವೂ ಗೊತ್ತಿಲ್ಲ, ಅದು ಮೈಯೊಳಗಿನ ಎಲ್ಲ ಮನೆಗಳಿಗೂ ಹೋಗುತ್ತದೆ ಎಂದರಂತೆ. ಪೆಟ್ಟಾದ ಕಡೆ ದೇಹ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಹುಟ್ಟಿಸುತ್ತದೆ. ಬಾವು ತರಿಸುವುದು, ನೋವನ್ನು ಕೂಗಿ ಹೇಳಿಸುವುದು ಅದೇ. ಹುಳಿ ತಾಗದಂತೆ ಹೊಟ್ಟೆಯ ಗೋಡೆಗೆ ಲೋಳೆ ಬಳಿಸುವುದೂ ಅದೇ. ನಾಲಿಗೆ ಹೊರಳದ ಆ ಹೆಸರನ್ನು ಬದಿಗಿಟ್ಟು ಗುರುಬಾಯಿ ಅದನ್ನು 'ಆಳು' ಎನ್ನುತ್ತಾರೆ.

"ಮೊಣಕಾಲಾಗ ಬೊಬ್ಬಿ ಹೊಡ್ಯಾಂವನೂ ಅಂವನ, ಹೊಟ್ಟಿ ಗ್ವಾಡಿ ಸಾರಸಾಂವನೂ ಅಂವನ, ಕಿಡ್ನಿಗೆ ರಗತದ ಕಾಲುವಿ ತೆರ್ಯಾಂವನೂ ಅಂವನ. ಗುಳಿಗಿ ಬಂದು ಎಲ್ಲಾ ಕಡೆ ಆಳು ಬರೂದ ನಿಂದ್ರಸ್ತೈತಿ. ಮೊಣಕಾಲು ಗಪ್ಪ ಆಕ್ಕೈತಿ ಖರೆ. ಹೊಟ್ಟಿ ಸಾರಸೂರು ಯಾರು?"

ಗುಳಿಗೆಯನ್ನು ಅವರು ಬೈಯುವುದಿಲ್ಲ. ಊಟವಾದ ಮೇಲೆ, ಡಾಕ್ಟರನ್ನು ಕೇಳಿ, ನಾಲ್ಕು ದಿನದ ಮಟ್ಟಿಗೆ ಅದು ದೊಡ್ಡ ಉಪಕಾರಿ. ಆದರೆ ಬರಿಹೊಟ್ಟೆಯಲ್ಲಿ, ದಿನಾ, ಬಿಸಿಲಿನ ಬಾಯಾರಿಕೆಯಲ್ಲಿ, ವಯಸ್ಸಾದವರಿಗೆ, ಬಿಪಿ, ಹೃದಯ, ಕಿಡ್ನಿಯ ತೊಂದರೆ ಇದ್ದವರಿಗೆ ಅದೇ ಮುಳುವು.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಸಾತಲಿಂಗಪ್ಪ ಎಂಬ ಹಿರಿಯ ರೈತರನ್ನು ಇದೇ ಕೋಣೆಯ ಮಂಚದ ಮೇಲೆ ಮಲಗಿಸಿದರು. ಮಲ ಡಾಂಬರಿನಷ್ಟು ಕಪ್ಪು, ಮುಖ ಸುಣ್ಣದಷ್ಟು ಬಿಳಿ. ಪರದೆಯ ಮೇಲೆ ಹೊಟ್ಟೆಯ ಗೋಡೆ ಕಿತ್ತುಹೋಗಿ ರಕ್ತ ಒಸರುತ್ತಿತ್ತು. ಡಾಕ್ಟರಮ್ಮ ಕ್ಲಿಪ್ಪು ಹಾಕಿ ರಕ್ತ ನಿಲ್ಲಿಸಿದರು. ನೋವಿನ ಗುಳಿಗೆ ತೆಗೆದುಕೊಂಡಿರಾ ಎಂದರೆ, "ಮಲ್ಲಯ್ಯನ ಆಣಿ, ಮುಟ್ಟಿಲ್ರಿ." ಡಾಕ್ಟರಮ್ಮ ನಂಬಲಿಲ್ಲ, ಮತ್ತೆ ಕೇಳಿ ನೋಡು ಎಂದು ಮಾವಶಿಗೆ ಕಣ್ಣುಸನ್ನೆ ಮಾಡಿದರು. ಸಾತಲಿಂಗಪ್ಪ ಮಲ್ಲಯ್ಯನ ಶ್ರೀಶೈಲಕ್ಕೆ ಬರಿಗಾಲಲ್ಲಿ ನಡೆದು ಬಂದವರು. ಅಂಗಾಲ ಗುಳ್ಳೆಗಳು ಇನ್ನೂ ಮಾಯ್ದಿರಲಿಲ್ಲ.

"ದಾರ್ಯಾಗ ಏನೇನ ಕೊಟ್ರು ಕಾಕಾ?"

"ಮಜ್ಜಿಗಿ, ಬಾಳಿಹಣ್ಣು, ಆಮ್ಯಾಲ ಕಾಲನೋವಿನ ಪ್ರಸಾದ."

ಸೇವೆಯ ಪೆಂಡಾಲಿನಲ್ಲಿ ಬಾಳೆಹಣ್ಣಿನ ತಟ್ಟೆಯಲ್ಲೇ ಇಟ್ಟು ಕೊಟ್ಟದ್ದು, ಇವರು ಕಣ್ಣಿಗೊತ್ತಿಕೊಂಡು ನುಂಗಿದ್ದು. ಉಳಿದ ಪಟ್ಟಿಗಳು ಮನೆಯ ದೇವರ ಜಗಲಿಯ ಮೇಲಿವೆ. ದಿನಾ ಪೂಜೆಯಾದ ಮೇಲೆ, ನಾಷ್ಟಾಕ್ಕೆ ಮುಂಚೆ, ಒಂದು. ಹಾಗಿರುವಾಗ ಅದು ಗುಳಿಗೆ ಹೇಗಾಗುತ್ತದೆ?

ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದರು ಡಾಕ್ಟರಮ್ಮ. ಸಾತಲಿಂಗಪ್ಪ ಖಾರ ಬಿಡಲು ಒಪ್ಪಿದರು, ತಂಬಾಕು ಬಿಡಲೂ ಒಪ್ಪಿದರು. "ಪ್ರಸಾದ ಬ್ಯಾಡ ಅನ್ನಾಕ ಮಾತ್ರ ನನ್ನ ಕಡೆ ಆಗೂದಿಲ್ರಿ."

"ಯಾವ ಊರ ಪೆಂಡಾಲ ಅದು?" ಗುರುಬಾಯಿ ಕೇಳಿದರು.

"ಮೈಂದರ್ಗಿ ದಾಟಿದ ಕೂಡ್ಲೆ. ಪಂಕ್ಚರ್ ಅಂಗಡ್ಯಾವ್ರದು. ಭಾಳ ಭಕ್ತಿವಂತ ಮನಶಾ."

ಗುರುಬಾಯಿ ಸೆರಗು ಸರಿ ಮಾಡಿಕೊಂಡರು. "ಆ ಭಕ್ತಿವಂತನ ಹೆಂಡತಿ ನಾನ ಕಾಕಾ. ಕೊಟ್ಟ ಮನಿಯಾಕಿನ ತಿರುಗಿ ಬೇಡಾಕತ್ತೀನಿ. ಜಗಲಿ ಮ್ಯಾಲಿನವ ನನ್ನ ಉಡ್ಯಾಗ ಹಾಕ್ರಿ."

ಮರುದಿನ ಸಾತಲಿಂಗಪ್ಪನ ಮಗ ತಂದ ಗುಳಿಗೆಯ ಪಟ್ಟಿಗಳಿಗೆ ಕುಂಕುಮ ಹತ್ತಿತ್ತು.

ಆ ಭಾನುವಾರ ಮೈಂದರ್ಗಿಯಲ್ಲಿ ಕಲ್ಯಾಣಪ್ಪ ಊಟಕ್ಕೆ ಕುಳಿತಿದ್ದರು. ಗುರುಬಾಯಿ ರೊಟ್ಟಿ ಬಡಿಸುತ್ತ, "ನಿಮ್ಮ ಪುಣ್ಯಾ ಟಿವ್ಯಾಗ ನೋಡಿ ಬಂದ್ನಿ" ಅಂದರು.

"ಯಾ ಚಾನಲ್ಲಿನ್ಯಾಗ?"

"ಹೊಟ್ಟಿ ಚಾನಲ್ಲಿನ್ಯಾಗ. ರಗತ ಒಸರ್ತಿತ್ತು."

ಕಲ್ಯಾಣಪ್ಪ ತುತ್ತು ಕೆಳಗಿಟ್ಟರು. "ಮಲ್ಲಯ್ಯನ ದಾರ್ಯಾಗ ಕೊಟ್ಟದ್ದು ಕೆಟ್ಟದ್ದ ಆಕ್ಕೈತೇನು? ನೀ ಏನ್ ಡಾಕ್ಟರ್ ಆಗಿ ಬಂದಿ?"

"ಹೊಟ್ಟಿ ಸಾರಸಾಕ ಆಳು ಇಟ್ಟಾಂವ ಮಲ್ಲಯ್ಯ. ಆ ಆಳಿನ್ನ ಬಿಡಸಿದಾವ್ರು ನೀವು. ಯಾರ ಸೇವಾ ಮಾಡೀರಿ, ನೀವ ಹೇಳ್ರಿ."

ಮುಂದಿನ ಎರಡು ಭಾನುವಾರ ಕಲ್ಯಾಣಪ್ಪ ಊಟವನ್ನು ಅಂಗಡಿಗೇ ತರಿಸಿಕೊಂಡರು. ಮೂರನೆಯ ವಾರ ಕಲ್ಯಾಣಪ್ಪನೇ ಕೇಳಿದರು: "ಹಂಗಾರ ಕಾಲು ನೋಯ್ತಾವ ಅಂದಾವ್ರಿಗೆ ಏನ್ ಕೊಡೂದು?"

ಈ ವರ್ಷ ಪೆಂಡಾಲಿನಲ್ಲಿ ಬಿಸಿನೀರಿನ ಹಂಡೆ, ಉಪ್ಪು, ಎಣ್ಣೆ, ನೆರಳಿಗೆ ಚಾಪೆ. ಆಚೆ ಬದಿಯ ಇನ್ನೊಂದು ಪೆಂಡಾಲಿನಲ್ಲಿ ಗುಳಿಗೆ ಹಂಚುತ್ತಿರುವುದರಿಂದ ಜನ ಅಲ್ಲೇ ಹೆಚ್ಚು. ಗುರುಬಾಯಿ ರಜೆ ಹಾಕಿ ಬಂದು ನೀರು ಕಾಯಿಸುತ್ತಿದ್ದಾರೆ. ಬೋಗಾಣಿಯಲ್ಲಿ ಕಾಲಿಟ್ಟು ಕುಳಿತ ಯಾತ್ರಿಕನೊಬ್ಬ ಆಚೆಗೆ ಕತ್ತು ಚಾಚಿ ಕೇಳುತ್ತಾನೆ: "ನಿಮ್ಮಲ್ಲಿ ಗುಳಿಗಿ ಇಲ್ಲೇನ್ರಿ?"

ಹಿಮ್ಮಡಿ ತಿಕ್ಕುತ್ತಿದ್ದ ಕಲ್ಯಾಣಪ್ಪ ತಲೆ ಎತ್ತುವುದಿಲ್ಲ. "ಇಲ್ರಿ. ನಾ ಅದೀನಲ್ಲ. ಆ ಕಾಲೂ ಇಡ್ರಿ."

ಗುರುಬಾಯಿ ಹಂಡೆಯ ಬದಿಗೆ ನಿಂತು ನೋಡುತ್ತಾರೆ. "ಮದಿವಿ ಆದಾಗಿಂದ ನನ್ನ ಕಾಲಿಗೆ ಒಮ್ಮಿಯೂ ಎಣ್ಣಿ ಹಚ್ಚಿಲ್ರಿ ಇವ್ರು" ಎನ್ನುತ್ತಾರೆ. ಮತ್ತೆ ಕೊಡ ಎತ್ತಿಕೊಂಡು, ದನಿ ತಗ್ಗಿಸಿ: "ಆದ್ರ ನೋಡ್ರಿ, ಎಷ್ಟ ಚಂದ ತಿಕ್ಕಾಕತ್ತಾರ."